ಈಡು ಹಾರದ ಕೋವಿ: ತಪ್ಪು ತೋಟಾದ್ದೋ, ನಮ್ಮದೋ?

ಕೋವಿ ಇಟ್ಟುಕೊಂಡ ರೈತರಿಗೆಲ್ಲ ಒಂದಲ್ಲ ಒಂದು ದಿನ ಈ ಅನುಭವ ಆಗಿಯೇ ಇರುತ್ತೆ. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತಿರ್ತೀವಿ. ಹಂದಿ ಹಿಂಡು ರಾಗಿಗೆ ಇಳಿಯುತ್ತೆ. ಬೆದರಿಸೋಣ ಅಂತ ಕೋವಿ ಎತ್ತಿ ಒತ್ತಿದರೆ ‘ಟಕ್’ ಅನ್ನುತ್ತೆ, ಅಷ್ಟೇ. ಹಂದಿ ಮೇಯ್ತಾ ಇರುತ್ತೆ, ನಾವು ಕೋವಿ ನೋಡ್ತಾ ಇರ್ತೀವಿ.

ಆ ‘ಟಕ್’ ಆದಮೇಲಿನ ಒಂದು ನಿಮಿಷದ ಬಗ್ಗೆ ನನಗೆ ಹೇಳೋದಿದೆ.

ನಮ್ಮದು ವರ್ತೂರು. ಕೆರೆ ಕೆಳಗಿನ ಅಚ್ಚುಕಟ್ಟಿನಲ್ಲಿ ಭತ್ತ, ಮೇಲಿನ ಹೊಲದಲ್ಲಿ ರಾಗಿ. ಅಪ್ಪನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ನಾನು ಚಿಕ್ಕವನಿದ್ದಾಗ ಒಂದು ಸಂಜೆ ಕೇಪು ‘ಟಪ್’ ಅಂತು, ಈಡು ಹಾರಲಿಲ್ಲ. ಅಪ್ಪ ಬೈಕೊಂಡು ಕೋವಿ ಕೆಳಗಿಳಿಸಿದರು. ಇಳಿಸಿದ ಗಳಿಗೆಗೆ ಢಂ ಅಂತು. ಅವರ ಬಲಗಾಲಿನಿಂದ ಒಂದು ಗೇಣು ಆಚೆ ಬದುವಿನ ಮಣ್ಣು ಹಾರಿಹೋಯ್ತು. ಅಪ್ಪ ಅಲ್ಲೇ ಕುಕ್ಕರಿಸಿ ಕೂತವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಒಂದೇ ಮಾತು ಅಂದರು: “ಹಾರಲಿಲ್ಲ ಅಂದ್ರೆ ಸತ್ತಿಲ್ಲ ಕಣೋ, ಮಲಗೈತೆ.”

ಅದೇ ಮೊದಲ ಪಾಠ. ಈಡು ಹಾರದಿದ್ದರೆ ನಳಿಗೆ ಯಾವ ಕಡೆಗಿತ್ತೋ ಆ ಕಡೆಗೇ ಇರಲಿ, ಜನ ದನ ಮನೆ ಇಲ್ಲದ ಕಡೆಗೆ. ಕೋವಿ ಬಗ್ಗಿಸಬೇಡಿ, ತೆರೆಯಬೇಡಿ, ನಳಿಗೆಯೊಳಗೆ ಇಣುಕಲೇಬೇಡಿ. ನಿಧಾನವಾಗಿ ಅರವತ್ತು ಎಣಿಸಿ. ಹಂದಿ ಹೋದರೆ ಹೋಗಲಿ.

ಇನ್ನು, ಯಾಕೆ ಹಾರಲ್ಲ? ತೋಟಾದ ಹಿತ್ತಾಳೆ ತಳದ ನಡುವೆ ಗುಂಡಗಿರೋದೇ ಕೇಪು. ಪೇಟೆಯವರು ಪ್ರೈಮರ್ ಅಂತಾರೆ. ಅದರೊಳಗೆ ಚಿಟಿಕೆಗಿಂತ ಕಮ್ಮಿ ಮದ್ದು. ಸೂಜಿ ಬಡಿದಾಗ ಅದು ಕಿಡಿ ಕಾರಿ ಒಳಗಿನ ಮದ್ದಿಗೆ ಹೊತ್ತಿಸಬೇಕು. ಕಾಯ್ದು ಹೊರತೆಗೆದ ತೋಟಾದ ತಳ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಗುಳಿ ತೀರ ಮೇಲೆ ಮೇಲಿದ್ದರೆ ತಪ್ಪು ಕೋವಿಯದು. ಸ್ಪ್ರಿಂಗು ಸೋತಿರಬಹುದು, ಸೂಜಿ ಸವೆದಿರಬಹುದು, ಇಲ್ಲವೇ ಹಳೆ ಎಣ್ಣೆ ಅಂಟಾಗಿ ಸೂಜಿಯನ್ನು ಹಿಡಿದಿರಬಹುದು. ಗುಳಿ ಪಕ್ಕಕ್ಕೆ ಸರಿದಿದ್ದರೂ ಕೋವಿಯನ್ನೇ ಅನುಮಾನಿಸಬೇಕು. ಗುಳಿ ಆಳವಾಗಿ, ನಟ್ಟನಡುವೆ ಇದ್ದೂ ಹಾರದಿದ್ದರೆ ತೋಟಾ ಕೆಟ್ಟಿದೆ.

ತೋಟಾ ಕೆಡಿಸೋರು ಯಾರು? ಬಹಳ ಸಲ ನಾವೇ. ಒಲೆ ಮೇಲಿನ ಅಟ್ಟದಲ್ಲಿ ಇಡ್ತೀವಿ, ಬೇಸಿಗೆಯಲ್ಲಿ ಶೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಬೇಯಿಸ್ತೀವಿ, ಮಳೆಗಾಲದಲ್ಲಿ ಒದ್ದೆ ಜೇಬಲ್ಲಿ ಇಟ್ಕೊಂಡು ತಿರುಗ್ತೀವಿ. ಎಲ್ಲಕ್ಕಿಂತ ಕೆಟ್ಟದ್ದು ಎಣ್ಣೆ. ಕೋವಿಗೆ ಧಾರಾಳವಾಗಿ ಎಣ್ಣೆ ಬಿಟ್ಟು ಒರೆಸದೆ ತೋಟಾ ತುಂಬಿ ಇಟ್ಟರೆ, ಎಣ್ಣೆ ಕೇಪಿನೊಳಗೆ ಇಳಿದು ಮದ್ದನ್ನು ಸಾಯಿಸುತ್ತೆ. ಕೇಪಿನ ಕೋವಿಯಾದರೆ, ಕೇಪು ಕೂರುವ ತೂತಿನಲ್ಲಿ ಮಸಿ ಕಟ್ಟಿರುತ್ತೆ. ಕರಿಮದ್ದಿನ ಮಸಿ ಉಪ್ಪಿನ ಹಾಗೆ ನೀರು ಎಳೆಯುತ್ತೆ. ಹೊಡೆದ ದಿನವೇ ತೊಳೆದು ಒಣಗಿಸದಿದ್ದರೆ ಮುಂದಿನ ಈಡು ದೇವರ ಮೇಲೆ ಭಾರ.

ಇಷ್ಟು ಹೇಳಿದರೆ ಕೆಲವರು ಕೇಳ್ತಾರೆ, “ಹೊಸ ತೋಟಾ ಸಿಗೋದು ಕಷ್ಟ, ಖಾಲಿ ತೋಟಾಕ್ಕೆ ನಾವೇ ಮದ್ದು ತುಂಬಿಕೊಂಡರೆ ಆಗಲ್ವಾ?” ಆಗಲ್ಲ ಸ್ವಾಮಿ. ಕೈಯಲ್ಲಿ ತುಂಬಿದ ತೋಟಾದಲ್ಲಿ ಕೇಪು ಸರಿಯಾಗಿ ಕೂರದೆ ಈಡು ಹಾರದೆ ಇರೋದು ಸಣ್ಣ ತೊಂದರೆ. ಅರ್ಧ ಹಾರೋದು ದೊಡ್ಡ ತೊಂದರೆ. ‘ಪುಸ್’ ಅಂದಾಗ ಒಳಗಿನ ಸಾಮಾನು ನಳಿಗೆ ಮಧ್ಯೆ ನಿಲ್ಲಬಹುದು. ನೋಡದೆ ಇನ್ನೊಂದು ಹೊಡೆದರೆ ನಳಿಗೆ ಸೀಳಿ ಎಡಗೈ ಹೋಗುತ್ತೆ. ಕಾನೂನು ಬೇರೆ ಇದೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ, 2019ರ ತಿದ್ದುಪಡಿ ಆದಮೇಲೆ, ಏಳು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ಒಂದು ಚೀಲ ರಾಗಿ ಉಳಿಸೋಕೆ ಹೋಗಿ ಹೊಲವನ್ನೇ ವಕೀಲರಿಗೆ ಬರೆದುಕೊಡೋ ಬಾಬತ್ತು ಇದು.

ಹಾಗಂತ ತಪ್ಪೆಲ್ಲ ರೈತರದ್ದೇ ಅಂತ ನಾನು ಒಪ್ಪೋದಿಲ್ಲ. 1959ರ ಆಯುಧ ಕಾಯ್ದೆಯೇ ಬೆಳೆ ರಕ್ಷಣೆಗೆ ಕೇಪಿನ ಕೋವಿ ಕೊಡಬಹುದು ಅನ್ನುತ್ತೆ. ಅದು ಸಾಲದಿದ್ದರೆ ತೋಟಾ ಕೋವಿಗೂ ಅವಕಾಶ ಇದೆ. ಅಂದಮೇಲೆ ಅದು ನಂಬುವ ಹಾಗೆ ಕೆಲಸ ಮಾಡೋದೂ ಮುಖ್ಯ ಅಲ್ವೇ? ಚುನಾವಣೆ ಬಂದರೆ ಕೋವಿ ಠಾಣೆಗೆ ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ವಾರಗಟ್ಟಲೆ ಮೂಲೆಯಲ್ಲಿ ನಿಂತ ಕೋವಿಗೆ ಎಣ್ಣೆ ಹಚ್ಚೋರು ಯಾರು? ನಮ್ಮ ನೆಂಟರೊಬ್ಬರ ಕೋವಿ ವಾಪಸ್ ಬಂದಾಗ ಸೂಜಿಗೆ ತುಕ್ಕು ಹಿಡಿದಿತ್ತು. ತಿರುಗಿ ಸಿಗೋ ತೋಟಾ ಸಿಗದೇ ಹೋದೀತು ಅನ್ನೋ ಭಯಕ್ಕೆ ಹಳೇದನ್ನೇ ವರ್ಷಗಟ್ಟಲೆ ಕೂಡಿಟ್ಟು, ಬೇಕಾದ ಹೊತ್ತಿಗೆ ‘ಟಕ್’ ಅನ್ನಿಸಿಕೊಳ್ತೀವಿ.

ನಾನು ಕೇಳೋದು ಮೂರೇ. ಹಳೆ ತೋಟಾ, ಹಾರದ ತೋಟಾ ಒಪ್ಪಿಸಿದವರಿಗೆ ಅಲೆದಾಟ ಇಲ್ಲದೆ ಹೊಸದು ಕೊಳ್ಳೋ ಅವಕಾಶ ಕೊಡಲಿ. ಲೈಸೆನ್ಸು ಈಗ ಐದು ವರ್ಷಕ್ಕೊಮ್ಮೆ ನವೀಕರಣ. ಆಗ ಕಾಗದ ನೋಡೋ ಜೊತೆಗೆ ಬಲ್ಲ ಕೋವಿ ರಿಪೇರಿಯವರಿಂದ ಕೋವಿಯನ್ನೂ ನೋಡಿಸಲಿ. ಠಾಣೆಗೆ ಒಪ್ಪಿಸುವಾಗ ಒರೆಸಿ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಕೊಡೋಕೆ ನಮಗೂ ಬಿಡಲಿ. ಇದಕ್ಕೆ ಸರ್ಕಾರದ ದುಡ್ಡು ಹೆಚ್ಚೇನೂ ಬೇಕಿಲ್ಲ.

ನಮ್ಮ ಕಡೆಯಿಂದಲೂ ಒಂದು ಮಾತು. ಲೈಸೆನ್ಸು ಅಂದರೆ ಪ್ರಾಣಿ ಕೊಲ್ಲೋ ರಹದಾರಿ ಅಲ್ಲ; 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಮದುವೆ ಜಾತ್ರೆಯಲ್ಲಿ ಷೋಕಿಗೆ ಜನರ ನಡುವೆ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಅಪ್ಪನ ಕೋವಿ ಏನಾಯ್ತು ಅಂತ ಕೇಳಬಹುದು. ಅವರ ನಂತರ ಲೈಸೆನ್ಸು ನನ್ನ ಹೆಸರಿಗೆ ಬಂತು. 2015ರ ಹೊತ್ತಿಗೆ ವರ್ತೂರು ಕೆರೆ ನೊರೆ ರಸ್ತೆಗೆ ಹಾರ್ತಿತ್ತು, ನಮ್ಮ ರಾಗಿ ಹೊಲದ ಮೂರು ಕಡೆ ಅಪಾರ್ಟ್‌ಮೆಂಟು ಎದ್ದಿತ್ತು. ಒಂದು ದಿನ ಬದುವಿನ ಮೇಲೆ ನಿಂತು, ಈಡು ಹಾರದಿದ್ದರೆ ನಳಿಗೆ ಯಾವ ಕಡೆ ಹಿಡಿದು ಅರವತ್ತು ಎಣಿಸಲಿ ಅಂತ ಸುತ್ತ ನೋಡಿದೆ. ಮನೆ ಇಲ್ಲದ ದಿಕ್ಕೇ ಕಾಣಲಿಲ್ಲ. ಆ ವಾರವೇ ಕೋವಿ ಸರ್ಕಾರಕ್ಕೆ ಒಪ್ಪಿಸಿ ರಸೀದಿ ತಗೊಂಡೆ.

ನಿಮ್ಮ ಹೊಲಕ್ಕೆ ಅಂಥ ದಿಕ್ಕು ಇನ್ನೂ ಇದ್ದರೆ, ಕೋವಿ ಚೊಕ್ಕಟವಾಗಿ ಇಟ್ಟುಕೊಳ್ಳಿ. ‘ಟಕ್’ ಅಂದಾಗ ಅರವತ್ತು ಎಣಿಸೋದನ್ನ ಮಾತ್ರ ಮರೀಬೇಡಿ.