ಕನ್ನಡಿಯು ವೈದ್ಯನಲ್ಲ

ಅಸುರಕ್ಷಿತ ದೇಹಸಂಪರ್ಕವೊಂದರ ಬಳಿಕ ತನಗೆ ಎಚ್‌.ಐ.ವಿ. ಸೋಂಕು ತಗುಲಿರಬಹುದೆಂಬ ಶಂಕೆ ಹೊಕ್ಕ ತರುಣನು, ಆ ಭೀತಿಯನ್ನು ಹೆತ್ತವರಲ್ಲಾಗಲಿ ಮಿತ್ರರಲ್ಲಾಗಲಿ ನಿವೇದಿಸಲಾರದೆ, ಬಾಗಿಲಿಗೆ ಅಗುಳಿಯಿಕ್ಕಿ, ಕನ್ನಡಿಯೆದುರು ನಾಲಗೆ ಚಾಚಿ ನಿಲ್ಲುತ್ತಾನೆ. ನಾಲಗೆಯ ಬೆಳ್ಳನೆಯ ಲೇಪ, ಅದರ ಬುಡದಲ್ಲಿ ಸಾಲಾಗಿರುವ ಗುಬುಟುಗಳು, ಕೆನ್ನೆಯ ಒಳಬದಿಯ ಹಳದಿ ಕಣಗಳು, ಇವೆಲ್ಲ ಆರೋಗ್ಯವಂತರ ಬಾಯಲ್ಲಿಯೂ ಸಹಜವಾಗಿ ಇರತಕ್ಕವೇ ಆಗಿದ್ದರೂ, ಹಿಂದೆಂದೂ ತನ್ನ ಬಾಯನ್ನು ಇಷ್ಟು ಸೂಕ್ಷ್ಮವಾಗಿ ನೋಡದಿದ್ದವನಿಗೆ ಅಂದೇ ಹುಟ್ಟಿದ ರೋಗಚಿಹ್ನೆಗಳಾಗಿ ತೋರುತ್ತವೆ. ಭಯದಿಂದ ಬಾಯಿ ಒಣಗುತ್ತದೆ. ನಿದ್ರೆಗೆಟ್ಟು, ಊಟ ಬಿಟ್ಟು, ಹುಣ್ಣೇಳುತ್ತದೆ. ಆ ಹುಣ್ಣೇ ಭಯಕ್ಕೆ ಸಾಕ್ಷಿಯಾಗುತ್ತದೆ.

ವಸ್ತುತಃ ಈ ಸೋಂಕಿಗೆ ಸಂಬಂಧಿಸಿದ ಬಾಯಿಯ ಬಿಳಿ ಬೂಷ್ಟು ಸಾಧಾರಣವಾಗಿ ವರ್ಷಗಳ ತರುವಾಯ, ದೇಹದ ರೋಗನಿರೋಧಕ ಶಕ್ತಿ ಕುಂದಿದ ಮೇಲೆ ಕಾಣಿಸಿಕೊಳ್ಳುವಂಥದು. ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳೊಳಗೆ ಕೆಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ದದ್ದು, ಬಾಯಿಹುಣ್ಣು ಬರುವುದುಂಟಾದರೂ, ಇತರ ವೈರಾಣು ಜ್ವರಗಳಲ್ಲಿಯೂ ಅವೇ ಬರುತ್ತವೆ. ಸೋಂಕು ತಗುಲಿಯೂ ಏನೊಂದೂ ತೋರದವರಿದ್ದಾರೆ. ಆದಕಾರಣ ಬಾಯಿಯು ಹೌದೆಂದೂ ಹೇಳದು, ಅಲ್ಲವೆಂದೂ ಹೇಳದು, ಹೇಳುವುದು ರಕ್ತಪರೀಕ್ಷೆಯೊಂದೇ. (ಮೂರು ವಾರ ಕಳೆದರೂ ಮಾಯದ ಹುಣ್ಣನ್ನು, ವಿಶೇಷವಾಗಿ ತಂಬಾಕು ಜಗಿಯುವವರು, ವೈದ್ಯರಿಗೆ ತೋರಿಸಲೇಬೇಕು, ಅದು ಎಚ್‌.ಐ.ವಿ.ಗಾಗಿ ಅಲ್ಲ, ಬಾಯಿಯ ಕ್ಯಾನ್ಸರಿನ ಶಂಕೆಗಾಗಿ.)

ಈ ತರುಣನನ್ನು ಕನ್ನಡಿಯ ಮುಂದೆ ಕಟ್ಟಿಹಾಕಿರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಲಜ್ಜೆ. ಆ ಲಜ್ಜೆಯನ್ನು ಅವನ ಮೇಲೆ ಹೇರಿದವರು ನಾವು. ಚಿಕಿತ್ಸೆ ಕೇಳಬಂದವನಿಗೆ ನೀತಿಬೋಧೆ ಮಾಡುವುದು ಕ್ರೌರ್ಯವೆಂದೇ ನನ್ನ ಭಾವನೆ. ಏಕೆಂದರೆ ಸಂಪರ್ಕವಾದ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಿದರೆ ಸೋಂಕನ್ನು ತಡೆಯಬಲ್ಲ ಔಷಧವಿರುವಾಗ, ಅವನು ಸಂಕೋಚದಲ್ಲಿ ಕಳೆಯುವ ಒಂದೊಂದು ದಿನವೂ ಅಮೂಲ್ಯವಾದುದು. ಪರೀಕ್ಷೆಗೆ ಸಮ್ಮತಿಯನ್ನೂ, ಫಲಿತಾಂಶಕ್ಕೆ ಗೋಪ್ಯತೆಯನ್ನೂ 2017ರ ಎಚ್‌.ಐ.ವಿ. ಮತ್ತು ಏಡ್ಸ್ ಕಾಯಿದೆಯೇ ವಿಧಿಸಿದೆ.

ಸಂಪರ್ಕವಾಗಿ ಮೂರು ತಿಂಗಳು ಕಳೆದ ಮೇಲಿನ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ತಿಳಿದೂ, ನಡುವೆ ಹೊಸ ಸಂಪರ್ಕವೇನೂ ಇಲ್ಲದೆಯೂ, ಕನ್ನಡಿಯನ್ನು ಬಿಡಲಾರದವನಿಗೆ ಬೇಕಾದುದು ಮತ್ತೊಂದು ಪರೀಕ್ಷೆಯಲ್ಲ, ಮನೋವೈದ್ಯರ ನೆರವು. ಅದಕ್ಕಾಗಿ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಇನ್ನೂ ಪರೀಕ್ಷೆಯನ್ನೇ ಮಾಡಿಸದವರು ದಯವಿಟ್ಟು ಎಚ್‌.ಐ.ವಿ. ಸಹಾಯವಾಣಿ 1097ಕ್ಕೆ ಕರೆಮಾಡಿರಿ, ಇಲ್ಲವೆ ಸಮೀಪದ ಸರ್ಕಾರಿ ಆಸ್ಪತ್ರೆಯ ಆಪ್ತ ಸಮಾಲೋಚನಾ ಕೇಂದ್ರಕ್ಕೆ ನಾಳೆಯೇ ಹೋಗಿರಿ; ಅಲ್ಲಿ ಪರೀಕ್ಷೆ ಉಚಿತ.