ಬಾವಿ ತೋಡುವ ಬಾಲ

ಕೈಯಾರೆ ಮಾಡಿದ ಮಾದರಿ ವಿಮಾನ ಹಾರುವಾಗ ಬಾಲ ಅಲ್ಲಾಡಿಸಿದರೆ ಸಿಗುವ ಮೊದಲ ಸಲಹೆ, ‘ಫಿನ್ ಚಿಕ್ಕದಾಯ್ತು, ದೊಡ್ಡದು ಮಾಡಿ’. ಅರ್ಧ ನಿಜವಾದ ಈ ಸಲಹೆ ನಂಬಿ ಪುಡಿಯಾದ ಥರ್ಮೋಕೋಲ್ ಕಡಿಮೆಯೇನಲ್ಲ.

ರೈಟ್ ಸಹೋದರರು 1902ರಲ್ಲೇ ಇದನ್ನು ಅನುಭವಿಸಿದ್ದರು. ಆ ವರ್ಷದ ಗ್ಲೈಡರಿನ ಹಿಂದೆ ಎರಡು ಲಂಬ ಫಲಕಗಳನ್ನು ಅಲುಗದಂತೆ ಕೂರಿಸಿದ್ದರು. ಒಂದು ರೆಕ್ಕೆ ತಗ್ಗಿ ಗ್ಲೈಡರ್ ಅತ್ತ ಜಾರಿದರೆ ಗಾಳಿ ಅದೇ ಬದಿಯಿಂದ ಫಲಕಕ್ಕೆ ಬಡಿಯುತ್ತಿತ್ತು. ಬಾಲ ಆಚೆ ಸರಿದು ಮೂತಿ ತಗ್ಗಿದ ಕಡೆಗೇ ತಿರುಗುತ್ತಿತ್ತು. ಹೊರಗಿನ ರೆಕ್ಕೆ ವೇಗ ಪಡೆದು ಇನ್ನಷ್ಟು ಏಳುವುದು, ಒಳಗಿನದು ಇನ್ನಷ್ಟು ಇಳಿಯುವುದು, ಕೊನೆಗೆ ರೆಕ್ಕೆತುದಿ ಮರಳಿನಲ್ಲಿ. ಅವರು ಇದನ್ನು ‘ಬಾವಿ ತೋಡುವುದು’ ಎಂದು ಕರೆದರು. (ಪಠ್ಯಪುಸ್ತಕದ ‘ಸ್ಪೈರಲ್ ಡೈವ್’ ಇದರ ಹತ್ತಿರದ ನೆಂಟ, ಹೆಸರು ಮಾತ್ರ ರೈಟರದ್ದೇ ವಾಸಿ.) ಆಮೇಲೆ ಅವರು ಫಲಕವನ್ನು ಹಿಗ್ಗಿಸಲಿಲ್ಲ. ಎರಡರ ಬದಲು ಒಂದನ್ನೇ ಇಟ್ಟು, ಅದು ತಿರುಗುವಂತೆ ಮಾಡಿದರು.

ಫಿನ್ನಿನ ಅಳತೆಯನ್ನು ಒಂಟಿಯಾಗಿ ನಿರ್ಧರಿಸುವುದೇ ತಪ್ಪು. ಅದರ ವಿಸ್ತೀರ್ಣವನ್ನು ಗುರುತ್ವಕೇಂದ್ರದಿಂದ ಅದಕ್ಕಿರುವ ದೂರದಿಂದ ಗುಣಿಸಿ, ರೆಕ್ಕೆಯ ವಿಸ್ತೀರ್ಣ ಮತ್ತು ಅಗಲಳತೆಯ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆ ಸಾಮಾನ್ಯ ಮಾದರಿಗಳಲ್ಲಿ 0.02ರಿಂದ 0.05ರೊಳಗೆ ಇರುತ್ತದೆ. ತುದಿಯಿಂದ ತುದಿಗೆ 100 ಸೆಂ.ಮೀ., 1800 ಚದರ ಸೆಂ.ಮೀ. ರೆಕ್ಕೆ, 50 ಸೆಂ.ಮೀ. ಹಿಂದೆ ಫಿನ್ ಎನ್ನೋಣ: 0.03ಕ್ಕೆ 108 ಚದರ ಸೆಂ.ಮೀ. ಸಾಕು. ಬಾಲವನ್ನು 60 ಸೆಂ.ಮೀ.ಗೆ ಒಯ್ದರೆ 90 ಸಾಕು. ಅಂದರೆ ದೂರವೂ ದುಡಿಯುತ್ತದೆ. ಆದರೆ ದೂರದ ಬಾಲದ ಒಂದೊಂದು ಗ್ರಾಮಿಗೂ ಮೂತಿಯಲ್ಲಿ ಸೀಸ ತೂಗಬೇಕು. ಮೂತಿ ಗಿಡ್ಡವಾದಷ್ಟೂ ಹೆಚ್ಚು.

ಎಲ್ಲಿ ಕೂರಿಸಬೇಕು ಎಂಬುದನ್ನು ನೋಟದ ಮೇಲೆ ನಿರ್ಧರಿಸುವವರೇ ಹೆಚ್ಚು. ವಿಮಾನ ಸುತ್ತುತ್ತಾ ಬೀಳುವಾಗ ಗಾಳಿ ಕೆಳಗಿನಿಂದ ಬರುತ್ತದೆ. ಆಗ ಅಡ್ಡ ಬಾಲದ ಮರೆಗೆ ಇಡೀ ರಡ್ಡರ್ ಸಿಕ್ಕಿದರೆ ಅದನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ರಡ್ಡರಿನ ಸ್ವಲ್ಪ ಭಾಗವಾದರೂ ಅಡ್ಡ ಬಾಲಕ್ಕಿಂತ ಕೆಳಗಿದ್ದರೆ ಒಳ್ಳೆಯದು.

ಅಂಟು ಬಳಿಯುವ ಮೊದಲು ಫಿನ್ನನ್ನು ಟೇಪಿನಲ್ಲಿ ನಿಲ್ಲಿಸಿ ಹಾರಿಸಬೇಕು. ತುಸು ವಾಲಿಸಿ ಸ್ಟಿಕ್ ಬಿಟ್ಟಾಗ ವಿಮಾನ ಬಾಲ ಬೀಸುತ್ತಾ ಹೋದರೆ ಫಿನ್ ಬೆಳೆಯಲಿ. ಸುರುಳಿ ಬಿಗಿಯಾಗುತ್ತಾ ಮೂತಿ ಇಳಿದರೆ ಒಂದೊಂದೇ ಸೆಂ.ಮೀ. ಕತ್ತರಿಸಬೇಕು, ಇಲ್ಲವೇ ರೆಕ್ಕೆತುದಿಗಳನ್ನು ಇನ್ನಷ್ಟು ಮೇಲಕ್ಕೆತ್ತಬೇಕು.