ಮಳೆಗೆ ಮುನ್ನ ಅಂಗಳಕ್ಕಿಳಿಯಿರಿ

ಮೇ ತಿಂಗಳ ಕೊನೆಗೆ ಪತ್ತನಾಜೆ ಸಮೀಪಿಸುತ್ತಿದ್ದಂತೆ ನಮ್ಮ ಕರಾವಳಿಯ ಮನೆಗಳಲ್ಲಿ ಗಡಿಬಿಡಿ ಆರಂಭವಾಗುತ್ತದೆ. ಹಪ್ಪಳ ಒಣಗಿಸಬೇಕು, ಒಣಮೀನು ಕಟ್ಟಿಡಬೇಕು, ಸೌದೆ ಒಳಗೆ ಸೇರಿಸಬೇಕು, ಮಕ್ಕಳಿಗೆ ಕೊಡೆ ತರಬೇಕು. ಇವೆಲ್ಲ ಮನೆಯೊಳಗಿನ ಸಿದ್ಧತೆಗಳು. ಅಂಗಳದ ಸಿದ್ಧತೆ ಮಾತ್ರ ಎಷ್ಟೋ ಮನೆಗಳಲ್ಲಿ ಬಾಕಿಯಾಗುತ್ತದೆ. ಮಳೆ ಹಿಡಿದ ಮೇಲೆ ಅಂಗಳಕ್ಕಿಳಿಯಲು ಯಾರಿಗೂ ಮನಸ್ಸಾಗುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕೇ ತಿಂಗಳಲ್ಲಿ. ಈ ನೀರಿನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಅದು ಗಿಡದ ಬುಡದಿಂದ ಹರಿದು ಹೋಗಲಿ, ಮಣ್ಣಿನಲ್ಲಿ ಇಂಗಲಿ, ಪಾತ್ರೆ-ಚಿಪ್ಪುಗಳಲ್ಲಿ ಮಾತ್ರ ನಿಲ್ಲದಿರಲಿ.

ತರಕಾರಿಗೆ ಏರುಮಡಿ

ನಮ್ಮದು ಕೆಂಪು ಮುರಕಲ್ಲಿನ ಮಣ್ಣು. ಪ್ರತಿವರ್ಷದ ಭಾರೀ ಮಳೆಗೆ ಅದರ ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಆದ್ದರಿಂದ ಮೊದಲ ಒಂದೆರಡು ಮಳೆ ಬಿದ್ದ ಕೂಡಲೇ ಮಣ್ಣನ್ನು ಅಗೆದು ಸ್ವಲ್ಪ ಸುಣ್ಣದ ಪುಡಿ ಬೆರೆಸಿ. ಹಟ್ಟಿಗೊಬ್ಬರವನ್ನು ಅದರ ಜೊತೆಗೇ ಹಾಕಬೇಡಿ. ಎರಡು ವಾರ ಬಿಟ್ಟು ಹಾಕಿ, ಇಲ್ಲದಿದ್ದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗಿ ನಷ್ಟವಾಗುತ್ತದೆ.

ಬೇಸಿಗೆಯಲ್ಲಿ ತಗ್ಗು ಮಾಡಿ ನೆಡುವವರು ಮಳೆಗಾಲದಲ್ಲಿ ಒಂದಡಿ ಎತ್ತರದ ಏರುಮಡಿ ಮಾಡಬೇಕು. ಬುಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಗಿಡ ಕೊಳೆಯುತ್ತದೆ. ಬೆಂಡೆ ಬೀಜವನ್ನು ಒಂದು ರಾತ್ರಿ ನೆನೆಸಿ, ಒಂದೂವರೆ ಅಡಿ ಅಂತರದಲ್ಲಿ ಬಿತ್ತಿರಿ. ಜಡಿಮಳೆ ಹಿಡಿಯುವ ಮೊದಲೇ ನಾಲ್ಕೆಲೆ ಬಂದಿದ್ದರೆ ಗಿಡ ತಡೆದುಕೊಳ್ಳುತ್ತದೆ. ಅಲಸಂಡೆ, ಹೀರೆ, ಹಾಗಲಕ್ಕೆ ಈಗಲೇ ಚಪ್ಪರದ ಗೂಟ ಊರಿ. ಬಸಳೆಗೆ ಬೀಜವೇ ಬೇಕೆಂದಿಲ್ಲ, ನೆರೆಮನೆಯಿಂದ ತಂದ ಒಂದು ಗೇಣು ಬಲಿತ ದಂಟು ಸಾಕು. ಅರಿಶಿನ, ಶುಂಠಿ ನೆಟ್ಟ ಮಡಿಗೆ ಹಸಿರು ಸೊಪ್ಪು ಹೊದಿಸಿ, ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗುವುದಿಲ್ಲ.

ಜಾಗವಿಲ್ಲದವರು ತಾರಸಿಯಲ್ಲಿ ಚೀಲಗಳಲ್ಲಿ ಬೆಳೆಸುತ್ತೀರಿ. ಆ ಚೀಲಗಳನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ, ತಳದ ತೂತು ಮುಚ್ಚಿಲ್ಲವೆಂದು ಕಡ್ಡಿ ಹಾಕಿ ನೋಡಿ. ಕುಂಡದಡಿಯ ತಟ್ಟೆಗಳನ್ನು ಮಳೆಗಾಲ ಮುಗಿಯುವವರೆಗೆ ತೆಗೆದಿಡಿ.

ಚಿಪ್ಪಿನಲ್ಲಿ ಹುಟ್ಟುವ ಜ್ವರ

ಆ ತಟ್ಟೆ ತೆಗೆಯಲು ಇನ್ನೊಂದು ಕಾರಣವೂ ಇದೆ. ಜುಲೈ ತಿಂಗಳಲ್ಲಿ ತರಗತಿಯಲ್ಲಿ ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರುಗಳು ಹೆಚ್ಚುತ್ತವೆ. ಕೇಳಿದರೆ ಜ್ವರ ಎನ್ನುತ್ತಾರೆ. ಡೆಂಗ್ಯೂ ಹರಡುವ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ನಮ್ಮ ಅಂಗಳದ ತಿಳಿನೀರನ್ನೇ ಇಷ್ಟಪಡುತ್ತದೆ. ತೆಂಗಿನ ಚಿಪ್ಪು, ಅಡಿಕೆ ಹಾಳೆ, ಹಳೆಯ ಟಯರು, ಟಾರ್ಪಾಲಿನ ಮಡಿಕೆ, ಕೋಳಿಗೆ ನೀರಿಡುವ ಪಾತ್ರೆ, ಇಷ್ಟರಲ್ಲೇ ಅದರ ಸಂಸಾರ. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಅದು ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ, ಆದ್ದರಿಂದ ರಾತ್ರಿಯ ಸೊಳ್ಳೆಪರದೆ ಮಾತ್ರ ಸಾಲದು.

ನೀರು ಚೆಲ್ಲಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಇದರ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಆದ್ದರಿಂದ ಪಾತ್ರೆಯನ್ನು ನಾರಿನಿಂದ ಉಜ್ಜಿ ತೊಳೆದು ಕವುಚಿ ಹಾಕಬೇಕು. ಮಲೇರಿಯಾ ಸೊಳ್ಳೆಯಾದರೋ ಮುಚ್ಚದ ಟ್ಯಾಂಕಿ, ಬಾವಿಗಳನ್ನು ಆಶ್ರಯಿಸುತ್ತದೆ. ಟ್ಯಾಂಕಿಗೆ ಬಿಗಿಯಾದ ಮುಚ್ಚಳ, ಬಾವಿಗೆ ಸಣ್ಣ ಕಣ್ಣಿನ ಬಲೆ ಹಾಕಿ. ಬಳಸದ ಬಾವಿಗೆ, ಅಲಂಕಾರದ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು.

ವಾರಕ್ಕೊಂದು ದಿನ, ಮಕ್ಕಳಿಗೆ ರಜೆಯಿರುವಾಗ, ಹತ್ತು ನಿಮಿಷ ಅಂಗಳ ಸುತ್ತಿ. ನೀರು ನಿಂತ ಜಾಗ ಹುಡುಕುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ಅವರ ಕಣ್ಣಿಗೆ ಬೀಳುವಷ್ಟು ನಮ್ಮ ಕಣ್ಣಿಗೆ ಬೀಳುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸುವ ನಿಯಮ ತಂದಿತು. ದಂಡಕ್ಕೆ ಹೆದರಿಯಾದರೂ ಸರಿ, ಕೆಲಸ ನಡೆಯಲಿ.

ಬಾವಿಯ ಪಾಲು ಬಾವಿಗೆ

ಈಗ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವುದು ರೂಢಿ. ನೋಡಲು ಅಂದ, ಗುಡಿಸಲು ಸುಲಭ. ಆದರೆ ಬಿದ್ದ ಮಳೆಯೆಲ್ಲ ಗೇಟು ದಾಟಿ ರಸ್ತೆಗೆ ಹೋಗುತ್ತದೆ. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ವರ್ಷ ಬೀಳುವ ನೀರು ಸುಮಾರು ಮೂರು ಲಕ್ಷ ಲೀಟರ್. ಅದನ್ನು ಜುಲೈಯಲ್ಲಿ ಕಳುಹಿಸಿಕೊಟ್ಟು ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಕಾಯುತ್ತೇವೆ. ಹಾಸುವುದೇ ಆದರೆ ನಡೆದಾಡುವ ಜಾಗಕ್ಕಷ್ಟೇ ಹಾಸಿ, ಉಳಿದದ್ದು ಮಣ್ಣಾಗಿಯೇ ಇರಲಿ. ಮಾಡಿನ ನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಸೋಸಿ ಬಾವಿಗೆ ಬಿಡಬಹುದು. ಮೊದಲ ಕೆಲವು ಮಳೆಯ ನೀರು ಮಾತ್ರ ಹೊರಗೆ ಹೋಗಲಿ, ಅದರಲ್ಲಿ ಮಾಡಿನ ಧೂಳು, ಹಕ್ಕಿಯ ಹಿಕ್ಕೆ ಇರುತ್ತದೆ.

ನಿಮ್ಮ ಅಂಗಳದ ತೋಡು ನೆರೆಮನೆಯ ಗೋಡೆಗೆ ಮುಖ ಮಾಡಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಎಷ್ಟೋ ವರ್ಷಗಳ ಸ್ನೇಹ ಒಂದು ಮಳೆಯ ಕೆಸರು ನೀರಿಗೆ ಕೆಟ್ಟದ್ದುಂಟು. ಅವರ ಮಾಡಿನತ್ತ ವಾಲಿದ ಕೊಂಬೆ, ಒಣಗಿದ ತೆಂಗಿನ ಮಡಲು ಇದ್ದರೆ ಅವರು ಬಂದು ಹೇಳುವವರೆಗೆ ಕಾಯಬೇಡಿ, ಈಗಲೇ ತೆಗೆಸಿ. ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ನೀವೇ ಕಡಿಯಲು ಹೋಗಬಾರದು, ವಿದ್ಯುತ್ ಇಲಾಖೆಯವರಿಗೆ ತಿಳಿಸಬೇಕು.

ಕೊನೆಯದಾಗಿ, ಮನೆಯಲ್ಲಿ ಹಿರಿಯರಿದ್ದರೆ ಪಾಚಿಯನ್ನು ಅಲಕ್ಷಿಸಬೇಡಿ. ಬಾವಿಕಟ್ಟೆ, ಬಚ್ಚಲಿನ ದಾರಿ, ಮೆಟ್ಟಿಲುಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ವಾರಕ್ಕೊಮ್ಮೆ ಉಜ್ಜಿ. ಅದಕ್ಕೆ ಆ್ಯಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಮಣ್ಣಿನ ಅಂಗಳದಲ್ಲಿ ನಡೆಯುವ ದಾರಿಗೆ ಹಿಂದಿನವರಂತೆ ಅಡಿಕೆ ಸೋಗೆ ಹಾಸಿದರೂ ಆಯಿತು. ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧರಿಗೆ ಮತ್ತೆ ಎದ್ದು ನಡೆಯುವುದು ಎಷ್ಟು ಕಷ್ಟವೆಂದು ಕಂಡವರಿಗೆ ಗೊತ್ತು.

ಇವುಗಳಲ್ಲಿ ಯಾವ ಕೆಲಸಕ್ಕೂ ದೊಡ್ಡ ಖರ್ಚಿನ ಭಯ ಬೇಡ, ಬಾವಿಯ ಗುಂಡಿಯೊಂದನ್ನು ಬಿಟ್ಟರೆ. ಬಿಸಿಲು ಇನ್ನೂ ಇದೆ. ಇಂದು ಸಂಜೆ ಚಹಾ ಕುಡಿದು ಒಮ್ಮೆ ಅಂಗಳ ಸುತ್ತಿ ಬನ್ನಿ.